ಮೊಳೆ ಎಡಗಡೆ, ಹುಣ್ಣು ಬಲಗಡೆ

ನಮ್ಮ ಬೀದಿಯ ಬಡಗಿಯಣ್ಣನಿಗೆ ಬಾಯಿಯೇ ಮೊಳೆ ಡಬ್ಬಿ. ಕೆಲಸಕ್ಕೆ ಕೂತನೆಂದರೆ ಎಡಗೆನ್ನೆಯೊಳಗೆ ನಾಲ್ಕಾರು ಮೊಳೆ, ಬಲಗೆನ್ನೆಯೊಳಗೆ ತಂಬಾಕಿನ ಉಂಡೆ. ಯಾರು ಏನು ಕೇಳಿದರೂ ‘ಹ್ಞೂಂ’ ಇಲ್ಲವೇ ‘ಊಹೂಂ’, ಎರಡೇ ಉತ್ತರ.

ಹಾಗಾಗಿ ಅವನ ಬಾಯಲ್ಲಿ ಹುಣ್ಣಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. “ಮೊಳೆ ಚುಚ್ಚಿದೆ ಕಣೇ, ತಾನೇ ಹೋಗುತ್ತೆ ಬಿಡು” ಎಂದು ಹೆಂಡತಿಯ ಬಾಯಿ ಮುಚ್ಚಿಸಿದ. ತಿಂಗಳು ಕಳೆದರೂ ಹುಣ್ಣು ಹೋಗಲಿಲ್ಲ. ಖಾರ ತಾಗಿದರೆ ಸಾಕು, ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ.

ನಮ್ಮ ಕಡೆ ಬರುವ ಆರೋಗ್ಯ ಕಾರ್ಯಕರ್ತೆಯನ್ನು ಎಲ್ಲರೂ ನರ್ಸಕ್ಕ ಎನ್ನುತ್ತಾರೆ. ಒಂದು ದಿನ ಬಡಗಿಯಣ್ಣನ ಹೆಂಡತಿ, ಬೀದಿಗೆಲ್ಲ ಅತ್ತಿಗೆ, ನರ್ಸಕ್ಕನನ್ನು ಕೈಹಿಡಿದು ನೇರವಾಗಿ ಗಂಡನ ಶೆಡ್ಡಿಗೇ ಕರೆತಂದಳು.

“ಬಾಯಿ ತೆಗೀರಿ ಅಣ್ಣ.” ನರ್ಸಕ್ಕ ಟಾರ್ಚ್ ಹಾಕಿ ನೋಡಿದರು. “ಮೊಳೆ ಯಾವ ಕಡೆ ಇಟ್ಕೋತೀರಿ?”

“ಎಡಗಡೆ. ಕಸುಬು ಕಲಿತಾಗಿಂದ್ಲೂ ಎಡಗಡೆನೇ.”

“ಹುಣ್ಣಿರೋದು ಬಲಗಡೆ. ತಂಬಾಕು ಇಡೋ ಜಾಗದಲ್ಲೇ.”

ಬಡಗಿಯಣ್ಣ ನಾಲಿಗೆಯಿಂದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಡವಿ ನೋಡಿಕೊಂಡ. ಪಾಪ, ಅವನು ಬೇಕೆಂದು ಸುಳ್ಳು ಹೇಳಿದ್ದಲ್ಲ. ಭಯಕ್ಕೆ ಒಂದು ನೆಪ ಬೇಕಿತ್ತು, ಮೊಳೆ ಸಿಕ್ಕಿತ್ತು.

ಆಸ್ಪತ್ರೆಯಲ್ಲಿ ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್, ಆದರೆ ಇನ್ನೂ ಚಿಕ್ಕದು. ಆಪರೇಷನ್ ಆಯಿತು, ಗಾಯವೂ ಮಾಯಿತು. ಅಬ್ಬಾ, ಮುಗಿಯಿತಲ್ಲ ಎನ್ನುವಷ್ಟರಲ್ಲಿ ಡಾಕ್ಟರು ಹೇಳಿ ಕಳಿಸಿದರು: “ತೆಗೆದ ಭಾಗವನ್ನ ಕಂಪ್ಯೂಟರ್‌ನಲ್ಲೂ ಪರೀಕ್ಷೆ ಮಾಡಿಸಿದ್ದೀವಿ. ರಿಪೋರ್ಟ್ ಬಂದಿದೆ, ಬನ್ನಿ, ಮಾತಾಡೋಣ.”

ಬಡಗಿಯಣ್ಣ ಹೋಗಲೇ ಇಲ್ಲ. ಶೆಡ್ಡಿನಲ್ಲಿ ಕೂತು, ಉಜ್ಜಿದ ಹಲಗೆಯನ್ನೇ ಮತ್ತೆ ಉಜ್ಜುತ್ತಿದ್ದ. ನರ್ಸಕ್ಕ ಹುಡುಕಿಕೊಂಡು ಬಂದರು.

“ಆ ಯಂತ್ರ ನನ್ನ ಆಯಸ್ಸು ಎಷ್ಟು ಅಂತ ಹೇಳುತ್ತಂತೆ. ನಾನ್ಯಾಕೆ ಹೋಗಿ ಕೇಳ್ಲಿ?”

“ಆಯಸ್ಸು ಹೇಳೋಕೆ ಅದೇನು ಜ್ಯೋತಿಷಿನಾ? ನಿಮ್ಮ ಬಾಯಿಂದ ತೆಗೆದದ್ದನ್ನ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ದೊಡ್ಡದಾಗಿ ಫೋಟೋ ತೆಗೀತಾರೆ. ಜೀವಕೋಶಗಳು ಹೇಗಿವೆ, ಎಲ್ಲಿ ಒಳಗೆ ನುಗ್ಗಿವೆ ಅಂತ ಕಂಪ್ಯೂಟರ್ ಇಂಚಿಂಚೂ ನೋಡುತ್ತೆ. ರೋಗ ಮತ್ತೆ ಬರಬಹುದಾ ಅಂತ ಒಂದು ಅಂದಾಜು ಕೊಡುತ್ತೆ, ಅಷ್ಟೇ. ಎಲ್ಲಾ ಆಸ್ಪತ್ರೆಯಲ್ಲೂ ಇದಿನ್ನೂ ಬಂದಿಲ್ಲ. ಮುಂದೇನು ಅನ್ನೋದನ್ನ ಡಾಕ್ಟರೇ ನಿಮ್ಮ ಜೊತೆ ಕೂತು ತೀರ್ಮಾನ ಮಾಡ್ತಾರೆ.”

“ಮತ್ತೆ ಬರುತ್ತೆ ಅಂದ್ಬಿಟ್ರೆ?” ಅವನ ದನಿ ಸಣ್ಣಗಾಯಿತು.

ನರ್ಸಕ್ಕ ಅವನ ಕೈಯಲ್ಲಿದ್ದ ಹಲಗೆ ನೋಡಿದರು. “ಇದು ಮುಂದೆ ಬಾಗುತ್ತಾ ಅಣ್ಣ?”

“ಬಾಗುತ್ತೆ. ಈ ಗೆರೆ ನೋಡಿ, ಹೇಗೆ ಈ ಕಡೆ ಎಳೀತಿದೆ.”

“ಹಾಗಾದ್ರೆ ಒಲೆಗೆ ಹಾಕ್ತೀರಾ?”

“ಛೆ, ಒಲೆಗ್ಯಾಕೆ? ಮೊದಲೇ ಗೊತ್ತಾಯ್ತಲ್ಲ, ಬಾಗದ ಹಾಗೆ ಹಿಂದೆ ಅಡ್ಡಪಟ್ಟಿ ಹೊಡೀತೀನಿ...” ಎಂದವನು ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟ.

ಅತ್ತಿಗೆ ಹತ್ತಿರ ಬಂದಳು. “ನನಗೂ ಭಯಾನೇ ರೀ. ಆದ್ರೆ ಏನೂ ಗೊತ್ತಿಲ್ದೆ ಕೂರೋದು ನನ್ನ ಕೈಲಾಗಲ್ಲ. ಏಳಿ, ಶರ್ಟ್ ಹಾಕ್ಕೊಳ್ಳಿ.”

ರೋಗ ಮರಳುವ ಸಾಧ್ಯತೆ ಹೆಚ್ಚು ಎಂದೇ ರಿಪೋರ್ಟ್ ಹೇಳಿತ್ತು. ಡಾಕ್ಟರು ಬೇರೆ ಪರೀಕ್ಷೆಗಳನ್ನೂ ಸೇರಿಸಿ ನೋಡಿ, ವಿಕಿರಣ ಚಿಕಿತ್ಸೆ ಕೊಟ್ಟರು. ಬಾಯಿ ಒಣಗಿತು, ರುಚಿ ಕೆಟ್ಟಿತು, ಮನೆಯವರ ಮೇಲೆಲ್ಲ ಸಿಡುಕಿದ. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಈಗ ಮೊಳೆಗೆ ತಗಡಿನ ಡಬ್ಬಿ ಬಂದಿದೆ, ತಂಬಾಕಿಗೆ ಮನೆಯಲ್ಲಿ ಜಾಗವೇ ಇಲ್ಲ. ಬಾಯಿ ಖಾಲಿಯಾದ ಮೇಲೆ ಮಾತು ಜಾಸ್ತಿಯಾಗಿದೆ. ಕುರ್ಚಿ ರಿಪೇರಿಗೆ ಬಂದವರಿಗೂ “ಎಲ್ಲಿ, ಬಾಯಿ ತೆಗಿ ನೋಡೋಣ” ಎನ್ನುತ್ತಾನೆ. “ಇವರ ಬಾಯಲ್ಲಿ ಮೊಳೆ ಇದ್ದಾಗ್ಲೇ ಚೆನ್ನಾಗಿತ್ತು” ಎಂದು ಅತ್ತಿಗೆ ಗೊಣಗುತ್ತಾಳೆ, ನಗು ತಡೆದುಕೊಂಡು.

ಓದುತ್ತಿರುವವರೇ, ನಿಮ್ಮ ಬಾಯಿಯ ಹುಣ್ಣಿಗೂ ಒಂದು ನೆಪ ಸಿದ್ಧವಾಗಿರಬಹುದು: ಹಲ್ಲು ತಾಗಿತು, ಬಿಸಿ ತಾಗಿತು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಗಂಟು ಕಂಡರೆ ನೆಪ ಬಿಡಿ, ಡಾಕ್ಟರಿಗೆ ತೋರಿಸಿ. ಬಾಯಲ್ಲಿ ತಂಬಾಕಿದ್ದರೆ ಈಗಲೇ ಉಗಿದು ಬನ್ನಿ. ರಿಪೋರ್ಟ್ ಏನು ಹೇಳುತ್ತದೋ ಎಂದು ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ನಿಮ್ಮ ಬಾಯಿಂದ ಇನ್ನೂ ಎಷ್ಟೋ ವರ್ಷ ಮಾತು ಕೇಳಬೇಕೆಂದು, ಬೈದುಕೊಂಡಾದರೂ ಸರಿ, ಮನೆಯಲ್ಲಿ ಒಬ್ಬರು ಕಾಯುತ್ತಿದ್ದಾರೆ.