ಬಿತ್ತನೆ ಚೀಲ

“ನೀನು ಕುಡಿದಿದ್ದು ಕಸ ಕಣೇ, ರುಯಿಪಿಂಗ್. ನಿಮ್ಮಮ್ಮ ನಿನಗೂ ಮೋಸ ಮಾಡಿದಳು.”

ಅಕ್ಕನ ಶವಪೆಟ್ಟಿಗೆಯ ಮುಂದೆ ನಿಂತು ಫೂತಿಯನ್ ಹೀಗೆ ಒದರಿದಾಗ ಅಂಗಳದ ಅಳು ನಿಂತಿತು. ಬಡಗಿ ಹಾವ್ ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸುತ್ತಿಗೆ ಹಿಡಿದು ಕಾಯುತ್ತಿದ್ದ. ಸತ್ತವಳ ತವರಿನವರು ಹೂಂ ಅನ್ನದೆ ಮುಚ್ಚಳಕ್ಕೆ ಮೊಳೆ ಬೀಳುವಂತಿಲ್ಲ. ತವರು ಅಂತ ಉಳಿದಿದ್ದವನು ಈ ತಮ್ಮನೊಬ್ಬನೇ.

“ಬಿತ್ತೋಕೆ ಒಂದು ಹಿಡಿ ಬಳ್ಳಿಬೀಜ ಕೊಡು ಅಂತ ವಸಂತದಲ್ಲಿ ಬಂದು ಅಂಗಲಾಚಿದೆ. ಒಂದು ಕಾಳೂ ಇಲ್ಲ ಅಂದಳು. ಅವಳ ಸೋಯಾ ಹೊಲದಲ್ಲೂ ಈ ಸಲ ಒಂದೆಳೆ ಬಳ್ಳಿ ಹಬ್ಬಲಿಲ್ಲ. ಮತ್ತೆ ತಿಂಗಳು ತಿಂಗಳು ನಿನಗೆ ಆ ಔಷಧಿ ಪುಡಿ ಎಲ್ಲಿಂದ ಬಂತು? ಸಂತೇಲಿ ಸಿಗೋ ಕಲಬೆರಕೆ.”

ರುಯಿಪಿಂಗ್‌ಳ ಕೈ ಹೊಟ್ಟೆಗೆ ಹೋಯಿತು. ಎರಡು ಬಸಿರು ಮೂರನೇ ತಿಂಗಳಲ್ಲೇ ಇಳಿದಿದ್ದವು. ಇದಕ್ಕೆ ಐದು ತುಂಬಿತ್ತು. ಬೆಳಗಿನಿಂದ ಸೊಂಟ ಹಿಡಿದುಕೊಂಡಿತ್ತು, ಯಾರಿಗೂ ಹೇಳಿರಲಿಲ್ಲ.

*

ಸೋಯಾ ಗಿಡದ ರಸ ಹೀರಿ ಬದುಕುವ ಬೇರಿಲ್ಲದ ಹಳದಿ ಬಳ್ಳಿ ಅದು. ಬೇರೆಯವರು ಕಿತ್ತು ಸುಡುತ್ತಿದ್ದರು. ಅಮ್ಮ ಬೇಕೆಂದೇ ಬಿತ್ತುತ್ತಿದ್ದಳು. ಅದರ ಸಣ್ಣ ಬೀಜ ಬಸಿರು ಇಳಿಯದಂತೆ ಕಾಯುವ ಔಷಧಿಗೆ. ಮಗಳಿಗೆ ಹುರಿದು, ಬೀಸಿ, ಪುಡಿ ಮಾಡಿಯೇ ಕಳಿಸುತ್ತಿದ್ದಳು.

“ಮಣ್ಣಿನ ಉಂಡೆಗೂ ಬಣ್ಣ ಹಚ್ಚಿ ಬೀಜ ಅಂತ ಮಾರ್ತಾರೆ,” ಅಂದಿದ್ದಳು ಒಮ್ಮೆ. “ಕುದಿಸಿ ನೋಡಬೇಕು. ನಿಜವಾದದ್ದು ಬಾಯಿ ಬಿಟ್ಟು ಎಳೆ ಕಕ್ಕುತ್ತೆ.”

*

ಒಳಗೆ ಹೋಗಿ ಹುಡುಕಿದಾಗ ಅಮ್ಮನ ಬೀಸುಕಲ್ಲಿನ ಹಿಂದೆ ಬೀಜದ ನೀಲಿ ಚೀಲ ಸಿಕ್ಕಿತು. ಮುಕ್ಕಾಲು ಖಾಲಿ. ರುಯಿಪಿಂಗ್ ಚೀಲವನ್ನೇ ಅಂಗಳಕ್ಕೆ ತಂದು, ನೆಂಟರಿಗೆ ಅಡುಗೆಯಾಗುತ್ತಿದ್ದ ಒಲೆಯ ಮೇಲೆ ಪಾತ್ರೆಯಿಟ್ಟು ಒಂದು ಹಿಡಿ ಸುರಿದಳು. ನೀರು ಕುದಿಯಿತು. ಬೀಜ ಸುಮ್ಮನೆ ಹೊರಳಾಡಿತು.

“ಸಾಸಿವೆ,” ಅಂದ ಫೂತಿಯನ್.

ಒಂದು ಕಾಳು ಬಿರಿಯಿತು. ಬಿಳಿ ಎಳೆಯೊಂದು ಸುರುಳಿ ಬಿಚ್ಚಿ ಹೊರಬಂತು. ಆಮೇಲೆ ಪಾತ್ರೆ ತುಂಬ ಬಿಳಿ ಎಳೆಗಳು.

ರುಯಿಪಿಂಗ್ ಪಾತ್ರೆಯತ್ತ ಬೆರಳು ತೋರಿಸಿದಳು. ಫೂತಿಯನ್ ಪಾತ್ರೆ ನೋಡುತ್ತಿರಲಿಲ್ಲ. ಅವನ ಕಣ್ಣು ಚೀಲದ ಮೇಲಿತ್ತು. ಪ್ರತಿ ವಸಂತದಲ್ಲೂ ಅಕ್ಕ ಅವನಿಗೆ ಬಿತ್ತನೆ ಬೀಜ ಅಳೆದು ಕೊಡುತ್ತಿದ್ದದ್ದು ಅದೇ ಚೀಲದಿಂದ.

“ಇತ್ತು ಹಾಗಾದ್ರೆ,” ಅಂದ. “ನನಗೆ ಇಲ್ಲ ಅಂದಳು. ತನ್ನ ಹೊಲಕ್ಕೂ ಹಾಕದೆ ಎಲ್ಲಾ ನಿನಗೇ ಬೀಸಿದಳು.”

“ಮಾವ, ಮೊಳೆ ಹೊಡೀಲಿ ಅನ್ನಿ.”

ಅವನು ತಲೆಗೆ ಕಟ್ಟಿದ್ದ ಸೂತಕದ ಬಿಳಿ ಬಟ್ಟೆ ಬಿಚ್ಚಿ, ಗೋಡೆಯ ಮೇಲಿಟ್ಟು ಹೊರಟ. ಕಾಲುವೆ ಏರಿಯ ಮೇಲೆ ಅವನ ಬೆನ್ನು ಚಿಕ್ಕದಾಗುತ್ತಾ ಹೋಯಿತು.

ಮಧ್ಯಾಹ್ನ ತಿರುಗಿತು. ಬಡಗಿ ಹಾವ್ ಮೊಳೆಯನ್ನು ಬಾಯಿಂದ ತೆಗೆದು, ಒರೆಸಿ, ಬಾಗಿಲ ಕಡೆ ನೋಡಿ ಮತ್ತೆ ಕಚ್ಚಿಕೊಂಡ.