ಹಾರ್ನ್ ಚಾಚಾನ ನಿದ್ದೆಯ ಪಾಲು

ಪಿಸುಗುಟ್ಟಿದರೂ ಬೀದಿಗೆಲ್ಲ ಕೇಳಿಸುವ ಗಂಟಲು. ಹಾಗಾಗಿ ಆ ನಿವೃತ್ತ ಲಾರಿ ಡ್ರೈವರ್‌ಗೆ ಎಲ್ಲರೂ ಇಟ್ಟ ಹೆಸರು ಹಾರ್ನ್ ಚಾಚಾ.

ದಿಂಬು ಹೊಲಿಯುವ ವಿಧವೆಯೊಬ್ಬಳಿಗೆ ಮಸೀದಿ ಕಮಿಟಿ ಬಡವರಿಗೆಂದು ಎತ್ತಿಟ್ಟ ಜಕಾತ್ ದಾನದ ಹಣದಲ್ಲಿ ಹೊಲಿಗೆ ಮಷಿನ್ ಕೊಡಿಸಿತು. ಮಷಿನ್ ಬಂತು ಸರಿ, ಹತ್ತಿ, ಬಟ್ಟೆ ಎಲ್ಲಿಂದ ತರುವುದು? ಬಡ್ಡಿ ಸಾಲ ಅವಳಿಗೆ ಬೇಡ. "ನಾನಿಲ್ವೇನಮ್ಮ!" ಎಂದು ಚಾಚಾ ಎದೆತಟ್ಟಿ ಬಂಡವಾಳ ಹಾಕಿದ.

ಇಮಾಮರು ಕರಾರು ಓದಿದರು. "ಲಾಭ ಅರ್ಧರ್ಧ. ನಷ್ಟವಾದರೆ ನಿಮ್ಮ ಹಣ ಹೋಗುತ್ತೆ, ಅವಳ ದುಡಿಮೆ ಹೋಗುತ್ತೆ."

ಸಹಿ ಹಾಕಿ ಮನೆಗೆ ಬಂದ ಮೇಲೆ 'ನಷ್ಟ' ಎಂಬ ಮಾತು ನೆನಪಾಗಿ ಚಾಚಾ ಕರಾರನ್ನು ಮೂರು ಸಲ ಓದಿದ. ಮರುದಿನ ಬೆಳಿಗ್ಗೆಯೇ ಅವಳ ದಿಂಬಿನ ಅಂಗಡಿಗೆ ಹಾಜರು.

"ಇದು ಗಟ್ಟಿಯಾಯ್ತು. ಅದು ತೀರಾ ಮೆತ್ತಗೆ. ಹೊಲಿಗೆ ಸೊಟ್ಟ!"

ಅವನ ಗದ್ದಲಕ್ಕೆ ಬಂದ ಗಿರಾಕಿಗಳೂ ಹಿಂದಕ್ಕೆ ಹೋದರು. ನಾಲ್ಕನೆಯ ದಿನ ಅವಳು ಹೊಸ ದಿಂಬೊಂದನ್ನು ಬಾಗಿಲ ಬಳಿಯ ಬೆಂಚಿನ ಮೇಲಿಟ್ಟಳು. "ಬಾಯಲ್ಲಿ ಹೇಳಿದ್ರೆ ಹೇಗೆ ಚಾಚಾ? ತಲೆ ಇಟ್ಟು ನೋಡಿ."

ತಲೆ ಇಟ್ಟ. ಎರಡೇ ನಿಮಿಷಕ್ಕೆ ಗೊರಕೆ ಶುರು. ಲಾರಿ ಏರು ಹತ್ತುತ್ತಿದೆಯೋ ಎಂಬಂಥ ಗೊರಕೆ! ದಾರಿಹೋಕರು ನಿಂತು ನೋಡಿದರು. ಬಿಸಿಲಲ್ಲಿ, ಬೀದಿ ಗಲಾಟೆಯಲ್ಲಿ, ಇಂಥ ನಿದ್ದೆಯೇ?

"ಅವರು ಮಲಗಿದಾರಲ್ಲ, ಆ ದಿಂಬೇ ಬೇಕು," ಎಂದರು ಒಬ್ಬರು. ಚಾಚಾನ ತಲೆಯಡಿಯ ದಿಂಬನ್ನು ಒಂದಾದ ಮೇಲೊಂದು ಬದಲಿಸುತ್ತಾ ಅವಳು ಮೂರು ದಿಂಬು ಮಾರಿದಳು. ವಾರ ಕಳೆಯುವಷ್ಟರಲ್ಲಿ ಹತ್ತಿ ಸಾಲದಾಯಿತು.

ಆಗ ಚಾಚಾಗೆ ಆಸೆ ಹುಟ್ಟಿತು. ಅವಳನ್ನು ಕರೆದುಕೊಂಡು ಇಮಾಮರ ಬಳಿ ಹೋದ. "ನಾನೂ ದುಡೀತಿದೀನಿ. ಪಾಲು ಹೆಚ್ಚಬೇಕು."

ಇಮಾಮರು ನಗು ತಡೆದುಕೊಂಡರು. "ಮಲಗೋದೂ ದುಡಿಮೆನಾ?"

"ಚಾಚಾ ಹೇಳೋದು ನ್ಯಾಯವೇ," ಎಂದಳು ಅವಳು. ಇನ್ನು ಮುಂದೆ ಅವನಿಗೆ ಲಾಭದಲ್ಲಿ ಅರವತ್ತು, ಅವಳಿಗೆ ನಲವತ್ತು ಎಂದು ತೀರ್ಮಾನವಾಯಿತು.

ಮರುದಿನ ಚಾಚಾ ಹೊಸ ಅಂಗಿ ತೊಟ್ಟು ಕೆಲಸಕ್ಕೆ ಮಲಗಿದ. ಕಣ್ಣು ಮುಚ್ಚಿದ, ಮಗ್ಗುಲಾದ, ನೂರರವರೆಗೆ ಎಣಿಸಿದ. ನಿದ್ದೆಯ ಸುಳಿವಿಲ್ಲ! ಕಳ್ಳಗೊರಕೆ ಹೊಡೆದು ನೋಡಿದ. ಎದುರಿಗಿದ್ದ ಹೆಂಗಸು, "ಪಾಪ, ಈ ದಿಂಬಿನಿಂದ ಇವರಿಗೆ ಉಸಿರೇ ಕಟ್ತಿದೆ," ಎಂದು ಹೊರಟೇಹೋದಳು. ಮೂರು ದಿನ ಹೀಗೇ ಕಳೆಯಿತು. ಮನೆಯಲ್ಲೂ ನಿದ್ದೆ ಇಲ್ಲ. "ಸಂಬಳಕ್ಕೆ ನಿದ್ದೆ ಮಾಡೋರನ್ನ ಇವತ್ತೇ ಕಂಡಿದ್ದು," ಎಂದಳು ಹೆಂಡತಿ.

ನಾಲ್ಕನೆಯ ಬೆಳಿಗ್ಗೆ ಕೆಂಪು ಕಣ್ಣಿನ ಚಾಚಾ ಅವಳ ಮುಂದೆ ಕೂತ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ತಗ್ಗಿತ್ತು. "ಬೇಡಮ್ಮ, ಮೊದಲಿನ ಹಾಗೆ ಅರ್ಧರ್ಧವೇ ಇರಲಿ. ನಿದ್ದೆ ನನ್ನ ಖುಷಿಗೆ."

"ಹಾಗೇ ಆಗ್ಲಿ. ನೀವು ಬೆಂಚಿನ ಮೇಲೆ ಕಾಲು ಚಾಚಿ. ನಾನು ಇಮಾಮರಿಗೆ ಹೇಳ್ತೀನಿ," ಎಂದಳು ಅವಳು.

ಅವಳು ಮಾತು ಮುಗಿಸುವ ಮೊದಲೇ ಬೀದಿಯುದ್ದಕ್ಕೂ ಗೊರಕೆ ಹೊರಟಿತ್ತು.