ಖುದ್ದು ಮಾವ

ನಮ್ಮ ಸೋದರಮಾವನಿಗೆ ಯಾರ ಸಾವಿನ ಸುದ್ದಿಯನ್ನೂ ಫೋನಿನಲ್ಲಿ ತೋರಿಸುವಂತಿರಲಿಲ್ಲ, ತೋರಿಸಿದರೆ ಕನ್ನಡಕವನ್ನು ಹಣೆಗೇರಿಸಿ, ತೋರಿಸಿದವರ ಮುಖವನ್ನೇ ದಿಟ್ಟಿಸಿ, "ಖುದ್ದು ನೋಡಿದ್ಯಾ?" ಎಂದು ಕೇಳುವರು. ಇಲ್ಲವೆಂದರೆ ಮುಗಿಯಿತು, ಆ ಮನುಷ್ಯ ಅವರ ಪಾಲಿಗೆ ಇನ್ನೂ ಬದುಕಿದ್ದಾನೆ. ಹಾಗಾಗಿಯೇ ಬೀದಿಯವರೆಲ್ಲ ಸೇರಿ ಅವರಿಗೆ ಖುದ್ದು ಮಾವ ಎಂದು ನಾಮಕರಣ ಮಾಡಿದ್ದು.

ವೃತ್ತಿಯಿಂದ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು, ರಸ್ತೆಯಲ್ಲೂ ಹೊಲಿಗೆ ಯಂತ್ರವನ್ನೇ ತುಳಿಯುತ್ತಿರುವಂಥ ನಡಿಗೆ, ಮೈಮೇಲೊಂದು ಬೂದು ಕೋಟು. ಊರ ಕೋಟುಗಳಿಗೆಲ್ಲ ಗುಂಡಿ ಹಚ್ಚಿದ ಈ ಮಹಾನುಭಾವರ ಸ್ವಂತ ಕೋಟಿನಲ್ಲಿ ನಡುವಿನ ಗುಂಡಿ ಇದ್ದದ್ದನ್ನು ನಾನಂತೂ ಕಂಡಿಲ್ಲ. ಅತ್ತೆ ಬೈದೂ ಬೈದೂ ಸೋತರು. ಫೋನಿನಲ್ಲಿ ಅಳತೆ ಕಳಿಸಿದವರ ಬಟ್ಟೆಗೆ ಅವರು ಕತ್ತರಿ ಹಾಕುತ್ತಿರಲಿಲ್ಲ, ಹಳೆಯ ಗಿರಾಕಿ "ಹೋದ ವರ್ಷದ ಅಳತೆ ಇದೆಯಲ್ಲ?" ಎಂದರೆ, "ಹೋದ ವರ್ಷದ ಹೊಟ್ಟೆ ಎಲ್ಲಿದೆ ಸ್ವಾಮಿ?" ಎನ್ನುತ್ತ ಟೇಪು ಬಿಚ್ಚುವರು. ಈ ಹಟದಿಂದ ಗಿರಾಕಿಗಳು ಕೈತಪ್ಪಿದ್ದೂ ಉಂಟು.

ನಾವು ಇದನ್ನು ಗೇಲಿ ಮಾಡುವುದು ನಿಂತದ್ದು ಸೇತುವೆಯಿಂದ ಬಸ್ಸು ಹೊಳೆಗೆ ಉರುಳಿದ ದಿನ. ಸತ್ತವರಲ್ಲಿ ನಮ್ಮ ಬೀದಿಯವರಿದ್ದರು. ಬಸ್ಸು ಓಡಿಸುತ್ತಿದ್ದವನೂ ನಮ್ಮ ಬೀದಿಯವನೇ. ಮಧ್ಯಾಹ್ನದೊಳಗೆ ಆ ಡ್ರೈವರು ಎಲ್ಲರ ಫೋನಿನಲ್ಲೂ ಕುಡಿದಿದ್ದ, ಓಡಿಹೋಗಿದ್ದ, ಸತ್ತೂ ಹೋಗಿದ್ದ. ಒಬ್ಬನೇ ಮನುಷ್ಯನಿಗೆ ಇಷ್ಟೆಲ್ಲ ಹೇಗೆ ಸಾಧ್ಯವೆಂದು ಕೇಳುವ ವ್ಯವಧಾನ ಯಾರಿಗಿತ್ತು! ದುಃಖಕ್ಕೆ ಕೈಗೆಟುಕುವ ಒಬ್ಬ ಅಪರಾಧಿ ಬೇಕಿತ್ತು. ಜನ ಅವನ ಮನೆಯ ಮುಂದೆ ಜಮಾಯಿಸಿದರು. ಒಳಗೆ ಅವನ ಹೆಂಡತಿ ಚಿಲಕ ಹಾಕಿಕೊಂಡು, ಗಂಡ ಇದ್ದಾನೋ ಇಲ್ಲವೋ ತಿಳಿಯದೆ ಕುಳಿತಿದ್ದಳು.

ಮಾವ ಅಂಗಡಿಯ ಬಾಗಿಲೆಳೆದು ಆಸ್ಪತ್ರೆಗೆ ಹೋದರು, ನೋಡಿದರು, ಬಂದರು. ಗುಂಪನ್ನು ಭುಜದಿಂದ ಸರಿಸಿಕೊಂಡು ಹೋಗಿ ಬಾಗಿಲು ತಟ್ಟಿದರು. "ತೆಗಿಯಮ್ಮ, ನಾನು. ಉಸಿರಾಡ್ತಿದಾನೆ. ಖುದ್ದು ನೋಡ್ಕೊಂಡು ಬಂದೆ." ಚಿಲಕ ಸರಿಯಿತು.

"ಕುಡಿದಿದ್ನಾ?" ಆ ಬಸ್ಸಿನಲ್ಲಿ ತಮ್ಮನನ್ನು ಕಳೆದುಕೊಂಡಿದ್ದ ಬೀದಿಯ ಬಡಗಿ ಕೇಳಿದ. ಮಾವ ಅವನ ಕೈ ಹಿಡಿದುಕೊಂಡು, "ನಾನು ನೋಡಿಲ್ಲ ಕಣಪ್ಪ," ಎಂದರು.

"ಎಲ್ಲರೂ ಹೇಳ್ತಿದಾರಲ್ಲ ಮಾವ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಆ ಎಲ್ಲರಲ್ಲಿ ಬಸ್ಸಲ್ಲಿದ್ದೋರು ಯಾರು?"

ಗುಂಪು ಚದುರಲಿಲ್ಲ, ಆದರೆ ದನಿ ಇಳಿಯಿತು. ಆಗ ಆ ಹೆಣ್ಣುಮಗಳು ಅವರ ಕೋಟಿನ ತೋಳು ಹಿಡಿದು, "ನೀವಾದ್ರೂ ಹೇಳಿ ಮಾವ, ಅವರದ್ದೇನೂ ತಪ್ಪಿಲ್ಲ ಅಂತ ಹೇಳಿಬಿಡಿ," ಎಂದು ಅತ್ತಳು. ಒಂದೇ ಒಂದು ಮಾತು; ಹೇಳಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಹೇಳಲಿ ಎಂದೇ ನನ್ನ ಜೀವ ಒದ್ದಾಡಿತು. ಮಾವನ ಕೈ ಇಲ್ಲದ ಗುಂಡಿಯನ್ನು ತಡಕುತ್ತಿತ್ತು.

"ಅದನ್ನೂ ನಾನು ನೋಡಿಲ್ಲಮ್ಮ," ಎಂದರು ಕೊನೆಗೆ. "ಬೆಳಗಿಂದ ನೀನು ಏನೂ ತಿಂದಿಲ್ಲ, ಅದು ಕಾಣ್ತಿದೆ. ಮೊದ್ಲು ಎರಡು ತುತ್ತು ತಿನ್ನು. ಆಮೇಲೆ ಕರ್ಕೊಂಡು ಹೋಗ್ತೀನಿ, ಖುದ್ದು ನೋಡುವಂತೆ."

ಅವಳನ್ನು ಅದೇ ಗುಂಪಿನ ನಡುವೆ ನಡೆಸಿಕೊಂಡು ಹೊರಟಾಗ ಬಡಗಿಯೇ ಮೊದಲು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕಾಣದ್ದಕ್ಕೆ ಸಾಕ್ಷಿ ನುಡಿಯದ ಇಂಥವರ ಮೇಲೆ ನಮಗೆಲ್ಲ ಒಂದಿಷ್ಟು ಮುನಿಸು ಇದ್ದೇ ಇರುತ್ತದೆ, ಏಕೆಂದರೆ ಅವರು ನಮ್ಮ ಸಿಟ್ಟಿಗೂ ಒದಗುವುದಿಲ್ಲ, ನಮ್ಮ ಸಮಾಧಾನಕ್ಕೂ ಒದಗುವುದಿಲ್ಲ. ಆದರೆ ಲೋಕವೆಲ್ಲ ಹೊರಗೆ ನಿಂತು ಬಾಯಿಗೆ ಬಂದದ್ದು ಕೂಗುತ್ತಿರುವಾಗ, ಅವರೊಬ್ಬರ ದನಿಗೆ ಬಾಗಿಲು ತೆರೆಯಬಹುದು.